ರಾಜನಿಗಿಂತ ಮೇಲಾದ ಫೋಟೋ

ಹೊಂಬಳಿಯ ದೊರೆ ತಿಮ್ಮಭೂಪಾಲ ಒಳ್ಳೆಯವನೇ. ಹೊಗಳಿಕೆಯ ಚಪಲ ಮತ್ತು ಹಸಿವು, ಇವೆರಡನ್ನು ಮಾತ್ರ ಅವನಿಂದ ತಡೆಯಲಾಗುತ್ತಿರಲಿಲ್ಲ. ಏಕಾದಶಿ ಬಂತೆಂದರೆ ಸೂರ್ಯ ನೆತ್ತಿಗೇರುವ ಮೊದಲೇ ಹತ್ತು ಸಲ ನಿಟ್ಟುಸಿರು ಬಿಡುತ್ತಿದ್ದ.

ಅವನ ಕಾಲದಲ್ಲೇ ಸಂಸ್ಥಾನಕ್ಕೆ ಕ್ಯಾಮೆರಾ ಬಂತು. ಬಂದ ವರ್ಷವೇ ದೊರೆ ಡಂಗುರ ಹೊಡೆಸಿದ. "ಮುಖಚಿತ್ರದ ಸ್ಪರ್ಧೆ! ಗೆದ್ದವರೊಬ್ಬರೇ ಇನ್ನು ಮುಂದೆ ನಮ್ಮ ಸೀಮೆಯಲ್ಲಿ ಫೋಟೋ ತೆಗೆಯಬೇಕು. ಸೋತವರು ಕ್ಯಾಮೆರಾವನ್ನು ಅರಮನೆಗೆ ಒಪ್ಪಿಸಬೇಕು!"

ಇದನ್ನು ಕೇಳಿ ಮೂವರು ರಾತ್ರೋರಾತ್ರಿ ಊರು ಬಿಟ್ಟರು. ಕಣದಲ್ಲಿ ಉಳಿದವರು ಇಬ್ಬರೇ. ಒಬ್ಬ ದೊರೆಯ ಭಾವಮೈದುನ ಲಿಂಗರಾಜ. ಇನ್ನೊಬ್ಬಳು ಪೇಟೆಬೀದಿಯ ಮೋನಮ್ಮ. ಗಂಡ ತೀರಿದ ಮೇಲೆ ಅವನ ಕ್ಯಾಮೆರಾವನ್ನೇ ನೆಚ್ಚಿ ಬದುಕಿದವಳು.

ಲಿಂಗರಾಜ ತೆಗೆದದ್ದು ಸಾಕ್ಷಾತ್ ದೊರೆಯ ಚಿತ್ರ. ಫೋಟೋ ಮೂಡಿದ ಗಾಜಿನ ಫಲಕದ ಮೇಲೆ ಮೂರು ದಿನ ಪೆನ್ಸಿಲು ಆಡಿಸಿ ಸಿಡುಬಿನ ಕಲೆ ಅಳಿಸಿದ್ದ, ಇಳಿಬಿದ್ದ ಗಲ್ಲ ಎತ್ತಿದ್ದ, ಮೀಸೆಗೆ ಇನ್ನರ್ಧ ಗೇಣು ಸೇರಿಸಿದ್ದ. ಮೋನಮ್ಮನ ಚಿತ್ರದಲ್ಲಿ ಇದ್ದದ್ದು ಒಬ್ಬ ಮುದುಕಿಯ ಮುಖ. ಅಷ್ಟೇ. ಹಿಂದೆ ಪರದೆಯಿಲ್ಲ, ಪಕ್ಕದಲ್ಲಿ ಹೂದಾನಿಯಿಲ್ಲ.

ತೀರ್ಪುಗಾರರು ಆಸ್ಥಾನದ ಕಲಾಭೂಷಣ ಶ್ರೀಕಂಠ ಶಾಸ್ತ್ರಿಗಳು. ಅವರು ಮುದುಕಿಯ ಚಿತ್ರದ ಮುಂದೆ ಮೂಗು ಮುರಿದರು.

"ಇದರಲ್ಲಿ ಕಲೆ ಎಲ್ಲಿದೆ? ಬರೀ ಸುಕ್ಕು! ಇದ್ದದ್ದನ್ನು ಇದ್ದ ಹಾಗೆ ತೋರಿಸಲು ಕನ್ನಡಿ ಸಾಕು. ಇಲ್ಲಿ ನೋಡಿ ಮಹಾಸ್ವಾಮಿ, ಲಿಂಗರಾಜರ ಕೈಚಳಕ! ಈ ಚಿತ್ರ ತಮಗಿಂತಲೂ ಒಂದು ಕೈ ಮೇಲು!"

ಮೋನಮ್ಮನಿಗೆ ತಡೆಯಲಾಗಲಿಲ್ಲ. "ಬುದ್ಧಿಯವರೇ, ಬಹುಮಾನ ಕ್ಯಾಮೆರಾಕ್ಕೋ, ಪೆನ್ಸಿಲಿಗೋ?"

ಸಭೆ ಕಿಸಕ್ಕೆಂದಿತು. ಶಾಸ್ತ್ರಿಗಳು ಕೆಂಪಾದರು. ಅಷ್ಟರಲ್ಲಿ ಕಂಬದ ಮರೆಯಿಂದ ಸಿಂಗಪ್ಪಯ್ಯ ಎದ್ದ. ಆಸ್ಥಾನದಲ್ಲಿ ಅವನಿಗೆ ಇಂಥದ್ದೇ ಕೆಲಸ ಅಂತಿರಲಿಲ್ಲ. ದೊರೆ ಎಡವಟ್ಟು ಮಾಡಿಕೊಂಡಾಗಲೆಲ್ಲ ಅವನಿಗೆ ಕೈತುಂಬ ಕೆಲಸ.

"ಶಾಸ್ತ್ರಿಗಳೇ, ಚಿತ್ರ ಪ್ರಭುಗಳಿಗಿಂತ ಮೇಲು ಅನ್ನುವುದು ಖಂಡಿತವೋ?"

"ಬರೆದುಕೊಡುತ್ತೇನೆ!"

"ಪ್ರಭುಗಳಿಗೂ ಒಪ್ಪಿಗೆಯೋ?"

ದೊರೆ ಚಿತ್ರದಲ್ಲಷ್ಟೇ ಇದ್ದ ಆ ಅರ್ಧ ಗೇಣು ಮೀಸೆಯನ್ನು ತಿರುವಿದ. "ಒಪ್ಪಿಗೆ. ಊಟ ಮುಗಿಸಿ ತೀರ್ಪಿಗೆ ಮುದ್ರೆ ಒತ್ತುತ್ತೇನೆ."

ಹೊರಗೆ ಮೋನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. "ಸಿಂಗಪ್ಪಯ್ಯನೋರೇ, ಈ ಪೆಟ್ಟಿಗೆ ಹೋದ್ರೆ ನನಗೇನು ಉಳೀತು? ಕಣ್ಣೇ ಕಿತ್ತುಕೊಂಡ ಹಾಗಾಗ್ತದೆ."

ಅವಳ ಅಳು ನೋಡಿ ಸಿಂಗಪ್ಪಯ್ಯನಿಗೆ ನಿಜಕ್ಕೂ ಸಂಕಟವಾಯಿತು. "ಅಳಬೇಡ ತಾಯಿ. ಪ್ರಭುಗಳ ಬುದ್ಧಿ ಶಾಸ್ತ್ರಿಗಳ ಕಡೆ ಇದ್ದರೇನಾಯಿತು, ಹೊಟ್ಟೆ ನಮ್ಮ ಕಡೆ ಇದೆ. ನಿನ್ನ ಚಿತ್ರ ಇತ್ತ ಕೊಡು."

ದೊರೆ ಊಟದ ಮನೆಗೆ ಬಂದು ನೋಡುತ್ತಾನೆ, ತನ್ನ ಮಣೆಯ ಮೇಲೆ ತನ್ನದೇ ಫೋಟೋ ಕೂತಿದೆ! ಅದರ ಮುಂದೆ ಅಗಲವಾದ ಬಾಳೆಲೆ. ಎಲೆಯ ತುಂಬ ಕೋಸಂಬರಿ, ಪಲ್ಯ, ಹುಳಿ, ತುಪ್ಪದಲ್ಲಿ ಮುಳುಗಿದ ಹೋಳಿಗೆ. ಪಕ್ಕದಲ್ಲಿ ಸಿಂಗಪ್ಪಯ್ಯ ಬೀಸಣಿಗೆ ಬೀಸುತ್ತಿದ್ದಾನೆ.

"ಇದೇನೋ? ನನ್ನ ಎಲೆ ಎಲ್ಲಿ?"

"ಮೆಲ್ಲಗೆ ಮಹಾಸ್ವಾಮಿ! ತಮಗಿಂತ ಮೇಲಾದವರು ಊಟಕ್ಕೆ ಕೂತಿದ್ದಾರೆ. ಮೇಲಿನವರು ಕೈ ತೊಳೆದು ಗಂಟೆ ಬಾರಿಸುವ ತನಕ ಉಳಿದವರು ಅನ್ನ ಮುಟ್ಟುವಂತಿಲ್ಲ. ಇದು ತಮ್ಮ ಅರಮನೆಯ ಪದ್ಧತಿಯೇ ಅಲ್ಲವೇ?"

ದೊರೆಗೆ ನಗು ಬಂತು. ಆಟ ನೋಡಿಯೇ ಬಿಡೋಣವೆಂದು ಗೋಡೆ ಪಕ್ಕದ ಚಾಪೆಯ ಮೇಲೆ ಕೂತ. ಜೊತೆಗೆ ಬಂದಿದ್ದ ಶಾಸ್ತ್ರಿಗಳೂ ಕೂರಬೇಕಾಯಿತು.

ಒಂದು ಗಳಿಗೆ ಕಳೆಯಿತು. ಹುಳಿಯ ಒಗ್ಗರಣೆ ಘಮಘಮಿಸಿತು. ಇನ್ನೊಂದು ಗಳಿಗೆ ಕಳೆಯಿತು. ಫೋಟೋದ ದೊರೆ ತುತ್ತು ಮುಟ್ಟಲಿಲ್ಲ, ಕೈಯನ್ನೂ ತೊಳೆಯಲಿಲ್ಲ. ನಿಜವಾದ ದೊರೆಯ ಹೊಟ್ಟೆ ಗುರ್ರೆಂದಿತು. ಹೋಳಿಗೆಯಿಂದ ಕಣ್ಣು ತಪ್ಪಿಸಲೆಂದು ಅವನು ಎದುರಿನ ಗೋಡೆಯತ್ತ ತಿರುಗಿದ. ಅಲ್ಲಿ ಮೋನಮ್ಮನ ಚಿತ್ರ ತೂಗುತ್ತಿತ್ತು.

ದೊರೆ ಬಹಳ ಹೊತ್ತು ಅದನ್ನೇ ನೋಡಿದ.

"ಸಿಂಗಪ್ಪಯ್ಯ, ಯಾರೋ ಈ ಮುದುಕಿ? ಪಾಪ, ಬೆಳಗಿನಿಂದ ಏನೂ ತಿಂದಿಲ್ಲ."

ಶಾಸ್ತ್ರಿಗಳು ಬೆಚ್ಚಿದರು. "ಹಾಗಂತ ಎಲ್ಲಿದೆ ಮಹಾಸ್ವಾಮಿ? ಎಲೆಯಿಲ್ಲ, ತಟ್ಟೆಯಿಲ್ಲ, ಬರೀ ಮುಖ!"

"ಎಲೆ ಯಾಕ್ರೀ ಬೇಕು? ಆ ಕಣ್ಣು ನೋಡಿ! ಅಡುಗೆಯ ವಾಸನೆ ಮೂಗಿಗೆ ಬಡಿಯುತ್ತಿದೆ, ಬಡಿಸುವವರು ಬರುತ್ತಿಲ್ಲ. ಅದು ನನಗೆ ಗೊತ್ತಾಗುತ್ತಿದೆ!"

ಸಿಂಗಪ್ಪಯ್ಯ ಬೀಸಣಿಗೆ ಕೆಳಗಿಟ್ಟು ಕೈಮುಗಿದ. "ಪ್ರಭು, ಅವಳು ತಮ್ಮ ಅಡುಗೆಮನೆಯ ಸಾಕಮ್ಮ. ಇಪ್ಪತ್ತು ವರ್ಷದಿಂದ ತಮಗೆ ಹೋಳಿಗೆ ತಟ್ಟುತ್ತಿರುವವಳು. ತಾವು ಹರಟೆ ಮುಗಿಸಿ, ಉಂಡು, ಕೈ ತೊಳೆದು ಗಂಟೆ ಬಾರಿಸುವವರೆಗೆ ದಿನಾ ಹೀಗೇ ಬಾಗಿಲಲ್ಲಿ ಕಾಯುತ್ತಾಳೆ. ಇವತ್ತೂ ಕಾಯುತ್ತಿದ್ದಾಳೆ. ಶಾಸ್ತ್ರಿಗಳು ಬೆಳಗ್ಗೆ ಕೇಳಿದರಲ್ಲ, ಇದರಲ್ಲಿ ಕಲೆ ಎಲ್ಲಿದೆ ಅಂತ? ಈಗ ತಾವೇ ಹೇಳಿದಿರಿ."

ದೊರೆಗೆ ನಾಚಿಕೆಯಾಯಿತು. ಎದ್ದವನೇ ಹೋಗಿ ತಾನೇ ಗಂಟೆ ಬಾರಿಸಿದ, ಊಟಕ್ಕೆ ಮೊದಲು. "ಮೊದಲ ಎಲೆ ಸಾಕಮ್ಮನಿಗೆ! ನಾಳೆಯಿಂದ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಲಿ, ನಾನು ಉಂಡಿರಲಿ ಬಿಡಲಿ. ಬಹುಮಾನ ಮೋನಮ್ಮನಿಗೆ. ಯಾರ ಕ್ಯಾಮೆರಾವನ್ನೂ ಯಾರೂ ಕಿತ್ತುಕೊಳ್ಳಕೂಡದು!"

ಆಮೇಲೆ ಅವನು ಹೋಳಿಗೆಗೆ ಕೂತ ರಭಸವನ್ನು ಹೇಳಿ ಪೂರೈಸುವಂತಿಲ್ಲ. ಮೂರನೆಯದು ಮುಗಿಯುವಾಗ ಶಾಸ್ತ್ರಿಗಳು ಮೆಲ್ಲಗೆ ಕೇಳಿದರು:

"ಹಾಗಾದರೆ ಲಿಂಗರಾಜರು ತೆಗೆದ ಈ ಚಿತ್ರವನ್ನು ಏನು ಮಾಡುವುದು?"

"ಎಸೆಯಬೇಡಿ ಸ್ವಾಮಿ, ಅದರಷ್ಟು ಉಪಯೋಗದ್ದು ಇನ್ನೊಂದಿಲ್ಲ," ಎಂದ ಸಿಂಗಪ್ಪಯ್ಯ. "ಇನ್ನು ಮೇಲೆ ಪ್ರಭುಗಳ ಏಕಾದಶಿಯನ್ನೆಲ್ಲ ಅದೇ ಮಾಡಲಿ. ಎಷ್ಟು ಉಪವಾಸ ಕೆಡವಿದರೂ ಆ ಮುಖ ಬಾಡುವುದಿಲ್ಲ!"

ದೊರೆ ನಕ್ಕ ನಗುವಿಗೆ ತುಪ್ಪ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ ತನ್ನ ಕೊರಳ ಸರ ತೆಗೆದು ಸಿಂಗಪ್ಪಯ್ಯನಿಗೆ ಹಾಕಿದ.