ಕಿತ್ತಿಟ್ಟ ತಂತಿ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿಗೆ ಕಲ್ಲಯ್ಯ ಶಿಷ್ಯನಾಗಿ ಬಂದ ದಿನ ಗುರು ಅಡವಯ್ಯನವರು ಒಂದೇ ಪಾಠ ಹೇಳಿದ್ದರು: ದಿನಾ ಮುಂಜಾನೆ ಒಂದು ತಾಸು ಬಾಯಿ ಮುಚ್ಚಬೇಕು.

ಕಲ್ಲಯ್ಯ ಹಿಡಿದದ್ದನ್ನು ಬಿಡುವ ಆಸಾಮಿಯಲ್ಲ. ಆ ಒಂದು ತಾಸಿನಲ್ಲಿ ಬಾವಿಯ ಗಾಲಿ ಕಿರುಗುಟ್ಟಿದರೂ ಎಣ್ಣೆ ಬಟ್ಟಲು ಹಿಡಿದು ಓಡುತ್ತಿದ್ದ.

ಮೌನದ ಹೊತ್ತಿನಲ್ಲಿ ಅವನು ಕಂಪ್ಯೂಟರಿನ ಮುಂದೆ ಕೂತು ತುಳಜವ್ವನ ಹಾಡುಗಳನ್ನು ಟೈಪು ಮಾಡುತ್ತಿದ್ದ. ತುಳಜವ್ವ ಆಶ್ರಮದ ಅಡುಗೆಯ ಬಾಳವ್ವನ ತಾಯಿ. ಓದು ಬರಹ ಬಾರದ ಮುದುಕಿ, ಮುನ್ನೂರು ಹಾಡು ಬಾಯಲ್ಲೇ ಇಟ್ಟುಕೊಂಡಿದ್ದಳು. ಎರಡು ವರ್ಷ ಅವಳ ಪಕ್ಕದಲ್ಲಿ ಕೂತು ಕಲ್ಲಯ್ಯ ಹಾಳೆಯ ಮೇಲೆ ಗೀಚಿಕೊಂಡ, ಆಮೇಲೆ ಟೈಪು ಮಾಡಿದ. ಟೈಪು ಮುಗಿದ ಮೇಲೆ ಆ ಹಾಳೆಗಳು ಒಲೆಗೆ ಹೋದವು. ಹೋದ ತಿಂಗಳು ತುಳಜವ್ವನೂ ಹೋದಳು. ಈಗ ಆ ಹಾಡುಗಳು ಇದ್ದದ್ದು ಆ ಕಂಪ್ಯೂಟರಿನ ಡಬ್ಬಿಯೊಳಗೆ ಮಾತ್ರ.

ಒಂದು ಸೋಮವಾರ ಡಬ್ಬಿ ಏಳಲಿಲ್ಲ.

ದೀಪ ಹತ್ತಿತು, ಒಳಗಿನ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಕಲ್ಲಯ್ಯ ಪ್ಲಗ್ಗು ಕಿತ್ತು ಹಾಕಿದ. ಪರದೆಯ ವೈರು ಬಿಗಿ ಮಾಡಿದ. ಹತ್ತು ಸಲ ಆರಿಸಿ ಹಚ್ಚಿದ. ಕೊನೆಗೆ ಎರಡೇಟು ತಟ್ಟಿಯೂ ನೋಡಿದ.

ಪೇಟೆಯ ರಿಪೇರಿಯವನಿಗೆ ಫೋನು ಹಚ್ಚಿದರೆ ಅವನು, ತಗೊಂಡು ಬಾ, ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡ್ತೀನಿ ಅಂದ. ಅಳಿಸಿದರೆ ಹಾಡುಗಳೂ ಹೋದಂತೆ. ಆದರೂ ಬೇರೆ ದಾರಿ ಕಾಣದೆ ಕಲ್ಲಯ್ಯ ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತತೊಡಗಿದ.

ಅಡವಯ್ಯನವರು ಬಾಗಿಲಲ್ಲಿ ನಿಂತು ನೋಡಿದರು. ಕಾವಿ ಉಡುವ ಮೊದಲು ಮೂವತ್ತು ವರ್ಷ ರೇಡಿಯೋ, ಕೊನೆಕೊನೆಗೆ ಕಂಪ್ಯೂಟರೂ ರಿಪೇರಿ ಮಾಡಿದ ಮನುಷ್ಯ ಅವರು.

"ಎಲ್ಲಿ ನೋಯ್ತದ ಅಂತ ಅದನ್ನ ಕೇಳಿದೇನು?"

"ಅದೇನ ಹೇಳ್ತದ್ರಿ ಅಪ್ಪಾರ. ಮಷೀನು."

ಗುರುಗಳು ಸ್ಕ್ರೂಡ್ರೈವರ್ ತರಿಸಿ ಡಬ್ಬಿಯ ಮಗ್ಗುಲು ಬಿಚ್ಚಿದರು. ಒಳಗೊಂದು ಸಣ್ಣ ಸ್ಪೀಕರು, ಹುಣಸೆಬೀಜದಷ್ಟು. ಅದರ ತಂತಿ ಎಲ್ಲಿಗೂ ಸೇರಿರಲಿಲ್ಲ. ಯಾರೋ ಅದನ್ನು ಕಿತ್ತು, ಮಡಚಿ, ರಬ್ಬರ್ ಬ್ಯಾಂಡು ಹಾಕಿ ಜೋಪಾನವಾಗಿ ಇಟ್ಟಿದ್ದರು.

"ಇದು ಯಾರ ಕೆಲಸ?"

ಕಲ್ಲಯ್ಯ ಒಪ್ಪಿಕೊಂಡ. ಹಚ್ಚಿದಾಗಲೆಲ್ಲ ಅದು ಕುಂಯ್ ಅನ್ನುತ್ತಿತ್ತು. ಮೌನದ ಹೊತ್ತಿನಲ್ಲಿ ಸದ್ದು ಬೇಡವೆಂದು ಹೋದ ಶ್ರಾವಣದಲ್ಲಿ ತಾನೇ ಕಿತ್ತಿದ್ದ. ಹೇಳುವಾಗ ಅವನ ದನಿಯಲ್ಲಿ ತುಸು ಹೆಮ್ಮೆಯೂ ಇತ್ತು.

ಗುರುಗಳು ಬೈಯಲಿಲ್ಲ. ತಂತಿಯನ್ನು ಅದರ ಜಾಗಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರು.

ಡಬ್ಬಿ ಉದ್ದಕ್ಕೆ ಮೂರು ಸಲ ಕೂಗಿತು. ತುಸು ತಡೆದು ಮತ್ತೆ ಮೂರು ಸಲ.

"ಕೇಳ್ದಿ? ಹಿಂಗ ಮೂರು ಸಲ ಕೂಗಿ, ನೆನಪಿನ ಪಟ್ಟಿ, ಅದ ರ‍್ಯಾಮು, ಸರಿಯಾಗಿ ಕೂತಿಲ್ಲ ಅನ್ನಾಕತ್ತೈತಿ. ಹಾಡು ಇರೋದು ಬ್ಯಾರೆ ಕಡೆ. ಅದಕ್ಕೇನೂ ಆಗಿರಾಕಿಲ್ಲ."

ಕಲ್ಲಯ್ಯ ಗೋಣಿಚೀಲವನ್ನು ಮಡಚಿ ಬದಿಗಿಟ್ಟ.

ಕರೆಂಟು ತೆಗೆದು ಗುರುಗಳು ಬೆರಳುದ್ದದ ಹಸಿರು ಪಟ್ಟಿಯನ್ನು ಮೆಲ್ಲಗೆ ಎತ್ತಿದರು. ಅದರ ಹಿತ್ತಾಳೆ ಬಣ್ಣದ ಅಂಚಿನಲ್ಲಿ ಬಿಳಿ ಪುಡಿ ಕೂತಿತ್ತು. ಅವರು ಅದನ್ನು ಬೆರಳಿಗೆ ಹಚ್ಚಿ ಮೂಸಿದರು.

"ವಿಭೂತಿ."

ಸೋಮವಾರಕ್ಕೊಮ್ಮೆ ಕಲ್ಲಯ್ಯ ಡಬ್ಬಿಗೆ ವಿಭೂತಿ ಹಚ್ಚುತ್ತಿದ್ದ. ಹಣೆ ಯಾವುದೆಂದು ತಿಳಿಯದೆ, ಗಾಳಿ ಆಡುವ ಜಾಲರಿಯ ಮೇಲೇ ಮೂರು ಬೆರಳು ಎಳೆಯುತ್ತಿದ್ದ. ಭಕ್ತಿ ಹೆಚ್ಚಾದ ವಾರ ಪುಡಿಯೂ ಹೆಚ್ಚು.

ಚಹಾ ತಂದ ಬಾಳವ್ವ ಬಾಗಿಲಲ್ಲೇ ನಿಂತಿದ್ದಳು. ಗುರುಗಳು ಅವಳ ಕಡೆ ತಿರುಗಿದರು.

"ಯವ್ವಾ, ನೀ ಇದನ್ನ ನೋಡಿದ್ದೇನು?"

ಬಾಳವ್ವ ಮೊದಲು ಕಲ್ಲಯ್ಯನ ಮುಖ ನೋಡಿದಳು.

"ನೋಡಿದ್ದೆರಿ ಅಪ್ಪಾರ. ಫ್ಯಾನು ತಿರುಗುವಾಗ ಬೂದಿ ಒಳಗ ಎಳಕೊಳ್ಳಾಕತ್ತಿತ್ತು. ಹೇಳಾಕ ಮೂರು ಸಲ ಬಂದೆ. ಇವರು ತುಟಿ ಮ್ಯಾಲ ಬೆರಳಿಟ್ಟು ಬಾಗಿಲ ತೋರಿಸಿದ್ರು."

ಆಮೇಲೆ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದಳು.

"ನಮ್ಮವ್ವನ ಹಾಡು ಅದರಾಗ ಅದಾವಲ್ರಿ. ಅದಕ್ಕ ಬಂದಿದ್ದೆ."

ಕಲ್ಲಯ್ಯನಿಗೆ ಆ ಮೂರು ಸಲವೂ ನೆನಪಾದವು. ಬೆರಳಿಟ್ಟು ಬಾಗಿಲು ತೋರಿಸಿ, ತನ್ನ ಮೌನ ಕೆಡಲಿಲ್ಲವೆಂದು ಒಳಗೊಳಗೇ ಹಿಗ್ಗಿದ್ದ. ಈಗ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಗುರುಗಳು ಪೆನ್ಸಿಲ್ ಅಳಿಸುವ ರಬ್ಬರನ್ನು ಅವನ ಕೈಗಿಟ್ಟರು. ಅವನು ಪಟ್ಟಿಯ ಅಂಚನ್ನು ಹಗುರವಾಗಿ ಉಜ್ಜಿದ. ಬಾಳವ್ವ ಒಣ ಬ್ರಶ್ಶು ತಂದು ಒಳಗಿನ ಬೂದಿ ಗುಡಿಸಿದಳು. ಪಟ್ಟಿ ಟಕ್ಕೆಂದು ಕೂತಿತು. ಗುಂಡಿ ಒತ್ತು ಎಂದು ಕಲ್ಲಯ್ಯ ಅವಳಿಗೇ ಹೇಳಿದ.

ಡಬ್ಬಿ ಒಂದೇ ಸಲ ಕುಂಯ್ ಅಂದಿತು. ಪರದೆ ಬೆಳಗಿತು.

ಮುನ್ನೂರು ಹಾಡೂ ಇದ್ದವು. ಕಲ್ಲಯ್ಯ ಮೊದಲು ಅವನ್ನು ಪೆನ್‌ಡ್ರೈವಿಗೆ ಇಳಿಸಿದ, ಅದನ್ನು ಬಾಳವ್ವನ ಕೈಗೆ ಕೊಟ್ಟ. ಆಮೇಲೆ ಮೊದಲ ಹಾಡನ್ನು ಗಟ್ಟಿಯಾಗಿ ಓದಿದ. ಬಾಳವ್ವ ಎರಡನೆಯ ಸಾಲಿಗೇ ತಡೆದು, ಅವ್ವ ಹಾಗೆ ಹಾಡುತ್ತಿರಲಿಲ್ಲ, ಅಲ್ಲೊಂದು ಮಾತು ತಪ್ಪಿದೆ ಅಂದಳು. ಅವನು ತಿದ್ದಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚಹಾ ಆರಿಹೋಗಿತ್ತು. ಗುರುಗಳು ಅದನ್ನೇ ಕುಡಿದು ಎದ್ದರು. ಕಲ್ಲಯ್ಯ ಬಾಗಿಲತನಕ ಹಿಂದೆಯೇ ಹೋದ.

"ಅಪ್ಪಾರ, ನಾಳೆ ಮೌನದ ಹೊತ್ತಿನ್ಯಾಗ ಇದು ಮತ್ತ ಕೂಗಿದ್ರ? ಇಲ್ಲಾ ಯಾರರೆ ಬಂದು ಮಾತಾಡಿದ್ರ? ಏನ ಮಾಡ್ಲಿ?"

ಅಡವಯ್ಯನವರು ಹೊಸ್ತಿಲ ಮೇಲೆ ನಿಂತರು.

"ದಿನಾ ಒಂದು ತಾಸು ಬಾಯಿ ಮುಚ್ಚಬೇಕು ಅಂದಿದ್ದೆ, ಕಲ್ಲಯ್ಯಾ. ಯಾರ ಬಾಯಿ ಅಂತ ಹೇಳೋದು ಮರ್ತಿದ್ದೆ."