ಕೆಂಪು ಚಿಪ್ಪಿನ ಸರ

“ಗುರುಗಳೇ, ಮೋಸ ಹೋದವರು ಮೂರ್ಖರೇ ತಾನೇ?” ಎಂದು ಶಿಷ್ಯ ನಿಜಗುಣ ಕೇಳಿದ.

ಗುರುಗಳು ಹೇಳಿದರು:

ಜರ್ಮನಿ ದೇಶದಲ್ಲಿ ಒಬ್ಬ ಪಂಡಿತನಿದ್ದ. ನಾಣ್ಯ ಕಾಣದ ಜನ ಯಾವುದನ್ನು ಹಣ ಎನ್ನುತ್ತಾರೆ, ಅವರಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ತಿಳಿಯುವುದೇ ಅವನ ಕೆಲಸ. ಅದಕ್ಕಾಗಿ ಹಡಗು ಹತ್ತಿ ದೂರದ ಒಂದು ದ್ವೀಪಕ್ಕೆ ಬಂದ. ಎರಡು ವರ್ಷ ಇದ್ದು ಅಲ್ಲಿಯ ಮಾತು ಕಲಿತ.

ಆ ಜನರಲ್ಲಿ ಎರಡು ಬಗೆಯ ಚಿಪ್ಪಿನ ಸರಗಳಿದ್ದವು. ಬಿಳಿಯವು ಹೊರಗಿನವರೊಡನೆ ವ್ಯಾಪಾರಕ್ಕೆ. ಕೆಂಪಿನವು ಊರೊಳಗೇ ಮನೆಯಿಂದ ಮನೆಗೆ ಹೋಗುತ್ತಿದ್ದವು. ಪಂಡಿತನಿಗೆ ಬಿಳಿಯವು ಬೇಕಾದಷ್ಟು ಸಿಕ್ಕವು, ಕೆಂಪಿನದು ಒಂದೂ ಸಿಗಲಿಲ್ಲ. ಅದಿಲ್ಲದೆ ಅವನ ಪುಸ್ತಕ ಮುಗಿಯುವಂತಿರಲಿಲ್ಲ. ಅಲೆ ಹಿಂದೆ ಸರಿದಾಗಲೆಲ್ಲ ಅವನಿಗೆ ಆ ಚಿಪ್ಪುಗಳೇ ಒಂದಕ್ಕೊಂದು ತಾಗಿದಂತೆ ಕೇಳಿಸುತ್ತಿತ್ತು.

ಹಡಗು ಹೊರಡಲು ಮೂರು ದಿನ ಉಳಿದಿತ್ತು. ಅವನು ಊರಿನ ಹಿರಿಯಳ ಬಳಿ ಹೋಗಿ ಬೆಳ್ಳಿ ಮುಂದಿಟ್ಟು ಕೆಂಪು ಸರ ಕೇಳಿದ. ಮುದುಕಿ ನಕ್ಕಳು.

“ಅದು ಸಾವಾದ ಮನೆಯವರ ಕೊರಳಿಗೆ ಹಾಕುವುದು, ಮಗಾ. ಹಾಕಿಸಿಕೊಂಡವರು ಮುಂದೆ ಬೇರೆ ಮನೆಯಲ್ಲಿ ಸಾವಾದಾಗ ಅದನ್ನು ತಂದು ಹಾಕಿ ಅಳಬೇಕು. ನಮ್ಮ ಮೀನು ತಿಂದು ತಿಂದು ಗುಂಡಗಾಗಿದ್ದೀಯ. ನಿನಗೇನು ಬಂದಿದೆ ಅಳುವಂಥದ್ದು?”

ಪಂಡಿತ ಕಡಲನ್ನು ನೋಡಿದ. “ನನ್ನ ತಮ್ಮ ತೀರಿಕೊಂಡನಂತೆ. ಕಾಗದ ಬಂದಿದೆ” ಎಂದ. ಆ ತಮ್ಮ ಜರ್ಮನಿಯಲ್ಲಿ ಸುಖವಾಗಿಯೇ ಇದ್ದ.

ಮುದುಕಿಯ ನಗು ನಿಂತಿತು. ಬೆಳ್ಳಿಯನ್ನು ಅವನ ಕಡೆಗೇ ಸರಿಸಿದಳು. ತಮ್ಮನ ಹೆಸರು ಕೇಳಿಕೊಂಡು ಮನೆಮನೆಗೆ ಹೇಳಿ ಬಂದಳು. ಆ ಮಧ್ಯಾಹ್ನ ಊರೆಲ್ಲ ಒಬ್ಬೊಬ್ಬರಾಗಿ ಬಂದರು. ಅವನ ಕೊರಳಿಗೆ ಕೆಂಪು ಸರ ಹಾಕಿ, ನಾಲಿಗೆ ಹೊರಳದ ಆ ಹೆಸರನ್ನು ತೊದಲುತ್ತಾ ಅತ್ತರು. ಪಂಡಿತನಿಗೂ ಅಳು ಬಂತು. ಯಾರಿಗಾಗಿ ಎಂದು ಅವನಿಗೆ ತಿಳಿಯಲಿಲ್ಲ.

ಅವನು ತನ್ನ ದೇಶಕ್ಕೆ ಮರಳಿದ. ಬಂದರಿನಲ್ಲಿ ಅವನ ತಮ್ಮ ಕೈ ಬೀಸುತ್ತಾ ನಿಂತಿದ್ದ. ಪುಸ್ತಕ ಮುಗಿಯಿತು, ಹೆಸರು ಬಂತು. ಕೆಂಪು ಸರಗಳು ಗಾಜಿನ ಪೆಟ್ಟಿಗೆ ಸೇರಿದವು.

“ಸರಿಹೋಯಿತು!” ಎಂದು ನಿಜಗುಣ ನಕ್ಕ. “ಒಂದು ಸುಳ್ಳಿಗೆ ಊರಿಗೆ ಊರೇ ಬೆಪ್ಪಾಯಿತಲ್ಲ. ಆಮೇಲಾದರೂ ಅವರಿಗೆ ಬುದ್ಧಿ ಬಂತೇ, ಗುರುಗಳೇ?”

ಗುರುಗಳು ಹೇಳಿದರು:

“ಈಗಲೂ ಅಲ್ಲಿ ಯಾರಾದರೂ ಸತ್ತರೆ, ‘ಕಡಲಾಚೆ ನಮ್ಮವನೊಬ್ಬನಿದ್ದಾನೆ, ಬಂದುಬಿಡಲಿ’ ಎಂದು ಒಂದು ಹಗಲು ಹೆಣ ಎತ್ತದೆ ಕಾಯುತ್ತಾರೆ.”