ಹಾರುವ ಪಲ್ಲಕ್ಕಿ ಮತ್ತು ತೂತಿನ ಪಾಲು

ಮೊದಲು ಒಂದು ಒಗಟು. ಕಂಚುಗೋಡಿನ ಹಾರುವ ಪಲ್ಲಕ್ಕಿಯ ಬಣ್ಣ ಯಾವುದು? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಗೊತ್ತಾಗೋದಿಲ್ಲ. ಅದನ್ನು ಕೊಂಡವರಿಗೇ ಗೊತ್ತಿರಲಿಲ್ಲ.

ಆ ಊರಲ್ಲಿ ಒಂದು ಬೆಳಿಗ್ಗೆ ಡಂಗುರ ಸಾರಿದರು. "ಕೇಳ್ರಪ್ಪೋ ಕೇಳಿ. ಕಲಾಯಿ ಹುಸೇನಿಯ ಬಾಯಿಂದ ಹಾರುವ ಪಲ್ಲಕ್ಕಿಯ ಬೆಲೆ ಬಿತ್ತು, ಮಹಾರಾಜರ ಬೊಕ್ಕಸ ಮುಳುಗಿತು. ಇವತ್ತು ಹೊತ್ತು ಮುಳುಗುವಾಗ ಅವನ ತಲೆ ಬೀಳುತ್ತೆ. ಉಳಿದ ಚೂರುಪಾರು ಕಾಯೋಕೆ ಒಬ್ಬ ಖಜಾಂಚಿ ಬೇಕು. ಅರಸುಕುವರಿ ನಾಗಲೆಯ ಮೂರು ಒಗಟು ಬಿಡಿಸಿದವನಿಗೆ ಆ ಕೆಲಸ, ಜೊತೆಗೆ ಕೇಳಿದ ವರ. ತಪ್ಪಿದವನ ತಲೆ ಹುಸೇನಿಯ ತಲೆ ಪಕ್ಕದಲ್ಲೇ."

ಹುಸೇನಿಯ ತಮ್ಮ ಲಾಲಸಾಬ ಪಾತ್ರೆಗೆ ಕಲಾಯಿ ಹಾಕುವ ಒಲೆಯ ಮುಂದೆ ಗಾಳಿ ಊದುವ ತಿದಿ ಒತ್ತುತ್ತಾ ಕೂತಿದ್ದ. ಕೇಳಿದವನೇ ಇಕ್ಕಳ ಎತ್ತಿ ಗೋಡೆಗೆ ಬೀಸಿದ.

ಸಿಟ್ಟು ಬರದೆ ಇನ್ನೇನು? ಕಂಚುಗೋಡಿನಲ್ಲಿ ಹೊಸ ಯಂತ್ರ ಮಾಡುವವರು ಅದರ ಪಾಲು ಮಾರುತ್ತಿದ್ದರು. ದುಡ್ಡು ಕೊಟ್ಟರೆ ಒಂದು ಹಿತ್ತಾಳೆ ಬಿಲ್ಲೆ. ಯಂತ್ರ ಲಾಭ ಮಾಡಿದರೆ ಅದರಲ್ಲಿ ನಿಮಗೂ ಪಾಲು. ಬಿಲ್ಲೆಯ ಬೆಲೆ ದಿನಾ ಪೇಟೆಯ ಕಟ್ಟೆ ಮೇಲೆ ಸುಣ್ಣದಲ್ಲಿ ಬರೆಯುತ್ತಿದ್ದರು. ಹಾರುವ ಪಲ್ಲಕ್ಕಿಯನ್ನು ಇನ್ನೂ ಮಾಡಿರಲೇ ಇಲ್ಲ. ಆದರೂ ಬೆಲೆ ಏರಿತು. ರಾಜ ಕೊಂಡ, ರಾಜ ಕೊಂಡನೆಂದು ಊರು ಕೊಂಡಿತು. ಒಂದು ದಿನ ಹುಸೇನಿ ಕಟ್ಟೆ ಮುಂದೆ ನಿಂತು, "ಅಲ್ರಪ್ಪಾ, ಅದು ಹಾರಿದ್ದನ್ನ ಯಾರಾದ್ರೂ ನೋಡಿದ್ದೀರಾ?" ಅಂದ. ಅಷ್ಟೇ. ಸಂಜೆಯೊಳಗೆ ಬೆಲೆ ಮಕಾಡೆ ಮಲಗಿತು, ಪಲ್ಲಕ್ಕಿಯ ಬಿಲ್ಲೆ ಮಾರಿದವನು ಗಂಟು ಕಟ್ಟಿ ಪರಾರಿ. ರಾಜ ಅವನನ್ನು ಹಿಡಿಯಲಿಲ್ಲ. ಪ್ರಶ್ನೆ ಕೇಳಿದವನನ್ನು ಹಿಡಿದ.

ಲಾಲಸಾಬ ಮಸಿ ಕೈಯಲ್ಲೇ ಆಸ್ಥಾನಕ್ಕೆ ನುಗ್ಗಿದಾಗ ಅಣ್ಣ ಕಂಬದ ಹತ್ತಿರ ಕೈ ಕಟ್ಟಿಸಿಕೊಂಡು ನಿಂತಿದ್ದ. ವಜ್ರದ ವ್ಯಾಪಾರಿಯ ಮಗ ಚೆನ್ನಮಲ್ಲ ಆಗಲೇ ಮುಂದೆ ಬಂದಿದ್ದ.

ನಾಗಲೆ ಕೇಳಿದಳು: "ಒಂದೇ ಸಾಮಾನು. ಪೇಟೆಯಲ್ಲಿ ಬೆಳಿಗ್ಗೆ ಆನೆಯಾಗುತ್ತೆ, ಸಂಜೆ ಇಲಿಯಾಗುತ್ತೆ. ಮನೆಯೊಳಗೆ ಮಾತ್ರ ಇದ್ದಷ್ಟೇ ಇರುತ್ತೆ. ಯಾಕೆ?"

"ಅದು ಚಂದ್ರ, ಕುಮಾರಿ. ಮನೆಯೊಳಗೆ ಕಾಣೋದಿಲ್ಲವಲ್ಲ," ಅಂದ ಚೆನ್ನಮಲ್ಲ, ಮೀಸೆ ತಿರುವುತ್ತಾ.

ಭಟರು ಅವನನ್ನೂ ಎಳೆದುಕೊಂಡು ಹೋಗಿ ಕಂಬಕ್ಕೆ ಕಟ್ಟಿದರು. ಆಸ್ಥಾನದ ಜೋಯಿಸ ಎದ್ದು, ಮೊದಲನೆಯದಕ್ಕೆ ಹೇಗೋ ತಿಣುಕಿ ಸರಿಯುತ್ತರ ಬರೆದು ಕೊಟ್ಟ. ನಾಗಲೆ ಅವನ ಮುಂದೆ ಮೂರು ಬಿಲ್ಲೆ ಇಟ್ಟಳು: ಹಾರುವ ಪಲ್ಲಕ್ಕಿಯದು, ಮಾತಾಡುವ ಕನ್ನಡಿಯದು, ನೀರೆತ್ತುವ ಚಕ್ರದ್ದು. "ಮೂರನ್ನೂ ಜನ ಚರಂಡಿಗೆ ಎಸೆದಿದ್ದಾರೆ. ಎರಡು ಕಸ, ಒಂದು ಹೊನ್ನು. ಯಾವುದನ್ನು ಎತ್ತಿಕೊಳ್ತೀರಿ?"

"ಎಲ್ಲಕ್ಕಿಂತ ಎತ್ತರದಿಂದ ಬಿದ್ದದ್ದು ಪಲ್ಲಕ್ಕಿ. ಈಗ ಎಲ್ಲಕ್ಕಿಂತ ಅಗ್ಗ. ಅದೇ."

ಜೋಯಿಸನೂ ಕಂಬಕ್ಕೆ ಹೋದ. ಕಿಟಕಿಯ ಬಿಸಿಲು ಕೆಂಪಗಾಗುತ್ತಿತ್ತು.

"ಇನ್ಯಾರಿದ್ದಾರೆ?" ಅಂದ ರಾಜ.

"ನಾನಿದ್ದೀನಿ."

"ನೀನಾ, ಮಸಿ ಮೂತಿ? ಅಣ್ಣನ ಜೊತೆ ಹೋಗೋಕೆ ಅಷ್ಟು ಅವಸರವೇನೋ?"

"ಮಸಿ ತೊಳೆದ್ರೆ ಹೋಗುತ್ತೆ, ದೊರೆ. ನೀವು ಬಳಿದುಕೊಂಡಿದ್ದು ಹೋಗುತ್ತಾ ನೋಡಿ," ಅಂದ ಲಾಲಸಾಬ. "ಮೊದಲನೇದು ಸುಲಭ. ಪೇಟೆಯಲ್ಲಿ ಕೂಗೋದು ಬೆಲೆ, ಮನೆಯಲ್ಲಿ ದುಡಿಯೋದು ಯೋಗ್ಯತೆ. ಪೇಟೆ ಎಷ್ಟು ಕೂಗಿದ್ರೂ ಕೊಡದೊಳಗೆ ಒಂದು ಲೋಟ ನೀರು ಜಾಸ್ತಿ ಹಿಡಿಯಲ್ಲ."

"ಎರಡನೆಯದು?"

ಲಾಲಸಾಬ ಬಿಲ್ಲೆಗಳ ಹೊಳಪು ನೋಡಲಿಲ್ಲ. "ನಾವು ಪಾತ್ರೆ ಬಂದ ಕೂಡಲೇ ತಳ ಕೆರೀತೀವಿ. ಪಲ್ಲಕ್ಕಿಗೆ ತಳವೇ ಇಲ್ಲ. ಕನ್ನಡಿಯನ್ನ ಒಂದು ಸಲ ಕೊಂಡವರು ಎರಡನೇ ಸಲ ಕೇಳಲ್ಲ. ನೀರೆತ್ತೋ ಚಕ್ರದ ಬಗ್ಗೆ ಯಾರೂ ಹಾಡು ಕಟ್ಟಿಲ್ಲ, ಆದ್ರೆ ಪ್ರತಿ ಬೆಳೆಗೂ ರೈತರು ಅದಕ್ಕೆ ಬಾಡಿಗೆ ಕೊಡ್ತಾರೆ. ಪಲ್ಲಕ್ಕಿ ಬಿತ್ತು ಅಂತ ಹೆದರಿ ಜನ ಇದನ್ನೂ ಎಸೆದ್ರು. ನಾನು ಇದನ್ನ ಎತ್ಕೋತೀನಿ."

ನಾಗಲೆ ತಲೆಯಾಡಿಸಿ ಮೂರನೆಯದನ್ನು ಕೇಳಿದಳು. "ಯಂತ್ರ ಗಟ್ಟಿ. ಮಾಡಿದವನು ಸಾಚಾ. ಬೆಲೆಯೂ ಯೋಗ್ಯತೆಗೆ ಸರಿಸಮ. ಆದರೂ ಕೊಂಡವನು ಮುಳುಗಿದ. ಕಳ್ಳ ಯಾರು?"

ಲಾಲಸಾಬ ಕೈಯಲ್ಲಿದ್ದ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ರಾಜ ಹಲ್ಲು ಬಿಟ್ಟ. ಭಟ ಕತ್ತಿ ಒರೆಸಿಕೊಂಡ. ಕಂಬದ ಹತ್ತಿರ ಹುಸೇನಿ ಕಟ್ಟಿದ ಕೈಗಳನ್ನೇ ಎತ್ತಿ ಮೆಲ್ಲಗೆ ತನ್ನ ಕೆನ್ನೆ ಸವರಿಕೊಂಡ.

ಆ ಸನ್ನೆ ಲಾಲಸಾಬನಿಗೆ ತಿಳಿಯಿತು. ಅಣ್ಣನ ಏಟು ತಿಂದಿದ್ದು ತಮ್ಮನ ಕೆನ್ನೆ. ಹಿಂದೊಮ್ಮೆ ಲಾಲಸಾಬ ಹಳೇ ಹಂಡೆಯೊಂದನ್ನು ತಿರುಗಿಸಿ ನೋಡಿ, ತಳ ಕೆರೆದು, ಎಲ್ಲ ಸರಿಯಿದೆ ಎಂದು ಪೂರ್ತಿ ಬೆಲೆ ಕೊಟ್ಟು ತಂದಿದ್ದ. ಒಲೆ ಮೇಲಿಟ್ಟ ಕೂಡಲೇ ಹಳೇ ಕಲಾಯಿ ಕರಗಿ ತಳದಲ್ಲಿ ತೂತು ಬಾಯಿಬಿಟ್ಟಿತು. ಅಣ್ಣ ಕೆನ್ನೆಗೆ ಬಾರಿಸಿ, "ತೂತಿನ ಪಾಲು ಬಿಡಲಿಲ್ಲ ಯಾಕೋ?" ಅಂದಿದ್ದ. ಕಲಾಯಿಯವರು ಪಾತ್ರೆ ಎಷ್ಟೇ ಚೆನ್ನಾಗಿರಲಿ, ಕಾಣದ ತೂತಿಗೆಂದು ಒಂದು ಪಾಲು ಕಳೆದೇ ಬೆಲೆ ಕಟ್ಟುವುದು.

"ಕಳ್ಳ ಕೊಂಡವನ ತಲೆಯೊಳಗಿದ್ದಾನೆ," ಅಂದ ಲಾಲಸಾಬ. "ನನ್ನ ಲೆಕ್ಕ ತಪ್ಪೋದಿಲ್ಲ ಅನ್ನೋ ಧಿಮಾಕು. ಸರಿಸಮ ಬೆಲೆ ಕೊಟ್ಟವನು ತನ್ನ ತಪ್ಪಿಗೆ ಜಾಗ ಬಿಟ್ಟಿಲ್ಲ. ತೂತಿನ ಪಾಲು ಬಿಡಬೇಕು. ಆದ್ರೆ ಈ ಉತ್ತರ ನಂದಲ್ಲ. ನೀವು ಕತ್ತರಿಸೋಕೆ ಹೊರಟಿದ್ದೀರಲ್ಲ, ಆ ತಲೆಯದು."

ನಾಗಲೆಯೇ ಇಳಿದುಬಂದು ಹುಸೇನಿಯ ಹಗ್ಗ ಬಿಚ್ಚಿದಳು. "ವರ ಕೇಳು."

"ಅಣ್ಣ ಮನೆಗೆ ಬರಬೇಕು, ಈ ಇಬ್ಬರು ಪೆದ್ದರೂ ಹೋಗಲಿ. ಖಜಾಂಚಿ ಕೆಲಸ ಅಣ್ಣನಿಗೆ. ತಿದಿ ಒತ್ತೋಕೆ ನನಗೊಬ್ಬ ಆಳು ಬೇಕಾಗುತ್ತೆ," ಅಂದು ರಾಜನ ಕಡೆ ನೋಡಿದ.

ಒಂದು ಮಳೆಗಾಲ ಪೂರ್ತಿ ರಾಜ ಲಾಲಸಾಬನ ಒಲೆಯ ಮುಂದೆ ಕೂತು ತಿದಿ ಒತ್ತಿದ. ಹೊಗೆಗೆ ಕಣ್ಣಲ್ಲಿ ನೀರು ಬಂದಾಗ ಲಾಲಸಾಬ, "ಬೆಲೆ ಬಿತ್ತಾ, ದೊರೆ?" ಅಂತ ಕೇಳುತ್ತಿದ್ದ.

ಈ ಕೊನೆ ನಾನು ಕಟ್ಟಿದ್ದು. ನನಗೆ ಹೇಳಿದವರ ಕತೆಯಲ್ಲಿ ಲಾಲಸಾಬ ಮೂರನೆಯ ಉತ್ತರ ಹುಡುಕುವಷ್ಟರಲ್ಲಿ ಹೊತ್ತು ಮುಳುಗಿ ಅಣ್ಣನ ತಲೆ ಬಿದ್ದಿತ್ತು. ರಾಜ ರಾಜನಾಗಿಯೇ ಉಳಿದ, ಮರುವರ್ಷ ಈಜುವ ಪಲ್ಲಕ್ಕಿಯ ಬಿಲ್ಲೆಯನ್ನೂ ಕೊಂಡ. ಅದನ್ನು ಕೇಳಿ ನನಗೆ ರಾತ್ರಿ ಊಟ ಸೇರಲಿಲ್ಲ. ಅದಕ್ಕೇ ಅವನನ್ನು ಹೊಗೆಯಲ್ಲಿ ಕೂರಿಸಿದೆ. ಪಲ್ಲಕ್ಕಿಯ ಬಣ್ಣ ಬೇಕಾದರೆ ನೀವೇ ಬಳಿದುಕೊಳ್ಳಿ.